ಕಾಫಿ ಕೊಡದ ದಿನ

ಆಂಟಾಪ್ ಹಿಲ್, ಮುಂಬಯಿ
೮ ಏಪ್ರಿಲ್ ೧೯೯೦

ಮುದ್ದು ಶಾಮಲಾ,

ಎದೆ ತುಂಬ ಉಸಿರೆಳೆದು ನೂರು ಕಾಲ ಬಾಳು ಮಗಳೇ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಂಡಿರುತ್ತೀ. ಮುನಿಸಿಕೋ, ತಪ್ಪಿಲ್ಲ. ಆದರೆ ನಿನ್ನಮ್ಮ ಮನೆಯಲ್ಲಿ ಸುಮ್ಮನೆ ಕೂತಿರಲಿಲ್ಲ ಕಣೇ, ಕಾರ್ಖಾನೆಯ ಗೇಟಿನಲ್ಲಿ ಕೂತಿದ್ದಳು. ಮೊದಲು ಸುದ್ದಿ ಕೇಳು, ಆಮೇಲೆ ಜಗಳವಾಡು. ಚಿಮಣಿ ನಿಂತಿತು!

ಹೌದು, ಅದೇ ಚಿಮಣಿ. ನಮ್ಮ ಬಿಲ್ಡಿಂಗಿನ ಹಿಂದಿರುವ ರಬ್ಬರ್ ಕಾರ್ಖಾನೆಯದು. ಎಣ್ಣೆಯ ಖರ್ಚು ಉಳಿಸಲು ಹಳೇ ಟೈರು ಸುಟ್ಟು ಬಾಯ್ಲರ್ ಕಾಯಿಸಿ, ಆ ಕರಿಹೊಗೆಯನ್ನು ನಮ್ಮ ಅಡುಗೆಗೂ ನಿನ್ನ ಪುಟ್ಟ ಎದೆಗೂ ಊದಿದ್ದು. ನೀನು ಒಂದನೇ ಕ್ಲಾಸು ಮುಗಿಸಿದ ವರ್ಷ ಡಾಕ್ಟರು, "ಮಗು ಬೇಕು ಅಂದ್ರೆ ಈ ಗಾಳಿಯಿಂದ ದೂರ ಇಡಿ" ಎಂದುಬಿಟ್ಟರು. ನಿನ್ನನ್ನು ಮೈಸೂರಿಗೆ, ರಮಾಮಣಿ ದೊಡ್ಡಮ್ಮನ ಮನೆಗೆ ಕಳಿಸಿದೆವು. ರಜೆಗೂ ನಾವೇ ಅಲ್ಲಿಗೆ ಬಂದೆವೇ ಹೊರತು ನಿನ್ನನ್ನು ಈ ಹೊಗೆಗೆ ಕರೆತರಲಿಲ್ಲ. ನ್ಯಾಯ ನೋಡು! ಹೊಗೆ ಬಿಟ್ಟವನು ಇಲ್ಲೇ ಉಳಿದ, ಕೆಮ್ಮಿದ ಕೂಸು ಊರು ಬಿಟ್ಟಿತು. ಓಡಬೇಕಾದದ್ದು ಹೊಗೆ, ನನ್ನ ಮಗಳಲ್ಲ ಎಂದು ಅವತ್ತೇ ಹಲ್ಲು ಕಚ್ಚಿದ್ದೆ.

ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೆ ಮೊದಲ ಸಲ ಹೋದಾಗ ನನ್ನ ಕೈಯಲ್ಲಿದ್ದದ್ದು ಸಂಡಿಗೆ ಡಬ್ಬಿ. ಟೆರೇಸಿನ ಮೇಲೆ ಬೆಳಿಗ್ಗೆ ಇಟ್ಟ ಅರಳು ಸಂಡಿಗೆ ಸಂಜೆಗೆ ಮಸಿ ಕೂತು ಸಾಸಿವೆ ಉದುರಿಸಿದ ಹಾಗಾಗಿತ್ತು. ಡಬ್ಬಿಯನ್ನು ಸಾವಂತ್ ಎಂಬ ಅಧಿಕಾರಿಯ ಮೇಜಿನ ಮೇಲೆ ಬಡಿದೆ. ಒಳ್ಳೆಯ ಮನುಷ್ಯ. ನಗು ತಡೆದುಕೊಂಡು, "ಬಾಯೀ, ಯೆ ಸ್ಯಾಂಪಲ್ ನಹೀ, ಯೆ ತೋ ಖಾನಾ ಹೈ" ಎಂದರು. ಅದು ತಿನ್ನುವ ವಸ್ತುವಂತೆ, ಸ್ಯಾಂಪಲ್ ಅಲ್ಲವಂತೆ. ಮಂಡಳಿಯವರೇ ಬಂದು, ಕಾರ್ಖಾನೆಯವರ ಎದುರಿಗೇ ಚಿಮಣಿಯ ಹೊಗೆ ಹಿಡಿದು, ಮೊಹರು ಹಾಕಬೇಕಂತೆ. ಅದು ಮಾತ್ರ ಸಾಕ್ಷಿಯಂತೆ. "ಹೊಗೆ ಕುಡಿಯೋಕೆ ನಾವು ಬೇಕು, ಸಾಕ್ಷಿಗೆ ಬೇಡವೋ?" ಎಂದು ಕೂಗಾಡಿ ಬಂದೆ.

ಬರೀ ಕೂಗಾಡಿದರೆ ಸಾಲದು, ಓದಬೇಕು ಎಂದು ಆಮೇಲೆ ಬುದ್ಧಿ ಬಂತು. ನಿಮ್ಮಪ್ಪ ಬ್ಯಾಂಕು ಮುಗಿಸಿ ಬರುವಾಗ ಫೋರ್ಟಿನಿಂದ ಕಾನೂನಿನ ಪುಸ್ತಕ ತಂದರು. ದಿಲ್ಲಿಯವರು ಈಚೆಗೆ ಕಾನೂನಿಗೆ ಹಲ್ಲು ಕಟ್ಟಿಸಿದ್ದಾರೆ ಕಣೇ! ಎರಡು ತಿಂಗಳ ನೋಟಿಸು ಕೊಟ್ಟರೆ ನಮ್ಮಂಥವರೂ ಕೋರ್ಟಿಗೆ ಹೋಗಬಹುದು. ಹೊಗೆ ಮಿತಿ ಮೀರಿದರೆ ಕಾರ್ಖಾನೆಯ ಕರೆಂಟನ್ನೇ ಕಡಿಸುವ ಅಧಿಕಾರ ಮಂಡಳಿಗೆ ಬಂದಿದೆ. ಆ ಸಾಲನ್ನು ನಿಮ್ಮಪ್ಪನಿಂದ ಮತ್ತೆ ಮತ್ತೆ ಗಟ್ಟಿಯಾಗಿ ಓದಿಸಿದೆ.

"ಸರಸೂ, ನಾವು ಬಾಡಿಗೆಯವರು. ನಮಗ್ಯಾಕೆ ದೊಡ್ಡವರ ಸಹವಾಸ?" ಎಂದರು.

"ಮನೆಗೆ ಬಾಡಿಗೆಯವರು. ಗಾಳಿಗೂ ಬಾಡಿಗೆಯವರೇನ್ರೀ?" ಎಂದೆ. ಮಾರನೆಯ ದಿನ ಅವರೇ ನೋಟಿಸು ಟೈಪ್ ಮಾಡಿಸಿಕೊಂಡು ಬಂದರು.

ನೋಟಿಸು ಹೋದದ್ದೇ ತಡ, ಸಾವಂತ್ ಜೀಪಿನಲ್ಲಿ ಸದ್ದಿಲ್ಲದೆ ಬಂದರು. ದೂರು ಕೊಟ್ಟವರನ್ನು ಕಂಡು ಹೋಗೋಣವೆಂದು ಮೊದಲು ನಮ್ಮ ಬಿಲ್ಡಿಂಗಿಗೇ ಬಂದರು. ಅಲ್ಲೇ ಕೆಟ್ಟದ್ದು. ಬಾಗಿಲಿಗೆ ಬಂದವರನ್ನು ಹಾಗೇ ಕಳಿಸುವುದು ನಮಗೆ ಗೊತ್ತೇ? ಒಬ್ಬಳು ಉಪ್ಪಿಟ್ಟಿಗೆ ರವೆ ಹುರಿದಳು, ಇನ್ನೊಬ್ಬಳು ಹೊಸ ಡಿಕಾಕ್ಷನ್ ಇಳಿಸಿದಳು, ನಾನು "ಇನ್ನೊಂದು ಚೂರು ಹಾಕಿಸಿಕೊಳ್ಳಿ ಸಾಹೇಬ್ರೇ" ಎಂದು ಬಲವಂತ ಮಾಡಿದೆ. ಸರಕಾರಿ ಜೀಪು ಕೆಳಗೆ ಮೆರೆಯುತ್ತ ನಿಂತಿತ್ತು. ಕಾರ್ಖಾನೆಯ ವಾಚ್‌ಮನ್‌ಗೆ ಕಣ್ಣಿಲ್ಲವೇ? ಸಾಹೇಬರು ಕೈತೊಳೆದು ಟೆರೇಸಿಗೆ ಬಂದು ನೋಡುತ್ತಾರೆ, ಚಿಮಣಿ ಚೂರೂ ಹೊಗೆಯಿಲ್ಲದೆ, ಆಗತಾನೇ ಸ್ನಾನ ಮಾಡಿದ ಪುರೋಹಿತರ ಹಾಗೆ ನಿಂತಿದೆ! ನಮ್ಮ ಹೋರಾಟವನ್ನು ನಾವೇ ಒಗ್ಗರಣೆ ಹಾಕಿ ತಿನ್ನಿಸಿಬಿಟ್ಟಿದ್ದೆವು.

ಚಂದ್ರವ್ವ ಗೊತ್ತಲ್ಲ, ಬಿಜಾಪುರದ ಕಡೆಯವಳು, ಹಿಂದಿನ ಜೋಪಡಿಯಲ್ಲಿರುವವಳು, ಆ ಕಾರ್ಖಾನೆಯಲ್ಲೇ ಟೈರು ಕಡಿಯುತ್ತಾಳೆ. ನಲ್ಲಿಯ ಹತ್ತಿರ ಸಿಕ್ಕವಳು ಸೊಂಟಕ್ಕೆ ಕೈಕೊಟ್ಟು, "ಉಪ್ಪಿಟ್ಟು ಭಾಳ ಚಲೋ ಆಗಿತ್ತಂತಲ್ರೀ ಅಕ್ಕಾರ?" ಎಂದಳು. ನನಗೆ ಮೈ ಉರಿಯಿತು.

"ನಗಬೇಡ ಕಣೇ. ಕಾರ್ಖಾನೆ ಮುಚ್ಚಿದ್ರೆ ನಿನ್ನ ಕೂಲಿ ಗತಿ ಏನು, ಅದು ಹೇಳು."

"ಎಣ್ಣಿ ಸುಟ್ರ ಕಾರ್ಖಾನಿ ನಡ್ಯಾಂಗಿಲ್ಲೇನ್ರಿ? ಮಾಲಕನ ಲಾಭ ಒಂದೀಟು ಕಡಿಮಿ ಆಕ್ಕೈತಿ, ನನ್ನ ಕೆಮ್ಮೂ ಕಡಿಮಿ ಆಕ್ಕೈತಿ. ಆದ್ರ ನಮ್ಮ ಕೂಲಿ ನಿಂತ್ರ ನೀವೂ ಬಂದು ಗೇಟಿನ್ಯಾಗ ಕೂಡ್ರಬೇಕು. ಮಾತು ಕೊಡ್ರಿ."

ಮಾತು ಕೊಟ್ಟೆ. ಟೆರೇಸಿನವರು, ಜೋಪಡಿಯವರು ಒಂದಾದೆವು. ಅದೇ ನಮ್ಮ ಸಂಘ.

ಎರಡನೆಯ ಸಲ ಸಾವಂತ್ ಟ್ಯಾಕ್ಸಿಯಲ್ಲಿ ಬಂದು ನೆಟ್ಟಗೆ ಗೇಟಿನಲ್ಲಿಳಿದರು. ನಾವು ಹೆಂಗಸರೆಲ್ಲ ಆಗಲೇ ಅಲ್ಲಿದ್ದೆವು. ಒಳಗೆ ಮ್ಯಾನೇಜರ್ "ಬೆಂಕಿ ಆರಿಸಿ, ಬೆಂಕಿ ಆರಿಸಿ" ಎಂದು ಕುಣಿಯುತ್ತಿದ್ದ. ಬಾಯ್ಲರಿನವರು ಕೈಕಟ್ಟಿ ನಿಂತಿದ್ದರು. ಅವರ ಮುಂದೆ ಚಂದ್ರವ್ವ. ಒಬ್ಬನೂ ಅಲುಗಲಿಲ್ಲ. ಆ ಕೂಡಲೆ ಮ್ಯಾನೇಜರ್ ಹಲ್ಲು ಕಿರಿಯುತ್ತ ಹೊರಗೆ ಓಡಿಬಂದ. "ಸಾಹಬ್, ಪಹಲೇ ಥಂಡಾ ಲೀಜಿಯೇ, ಆಫೀಸ್ ಮೇ ಬೈಠಿಯೇ." ಮೊದಲು ಆಫೀಸಿನಲ್ಲಿ ಕೂತು ತಣ್ಣಗೆ ಏನಾದರೂ ಕುಡಿಯಬೇಕಂತೆ! ನನಗೆ ನಮ್ಮ ಉಪ್ಪಿಟ್ಟು ನೆನಪಾಯಿತು. ಗಂಟಲು ಹರಿಯುವಂತೆ ಕೂಗಿದೆ: "ಪಹಲೇ ಧುವಾ, ಬಾದ್ ಮೇ ಥಂಡಾ!" ಮೊದಲು ಹೊಗೆ, ಆಮೇಲೆ ನಿನ್ನ ತಂಪು! ಗೇಟಿಗೆ ಗೇಟೇ ಕೂಗಿತು. ಸಾಹೇಬರು ಆಫೀಸಿನತ್ತ ತಿರುಗಿಯೂ ನೋಡದೆ, ಜೊತೆಯವರೊಂದಿಗೆ ಉಪಕರಣ ಹೊತ್ತು ಏಣಿ ಹತ್ತಿದರು.

ಇಳಿದು ಬರುವಾಗ ಮುಖವೆಲ್ಲ ಮಸಿ. ನನ್ನ ಹತ್ತಿರ ಬಂದು, "ಸರಸ್ವತಿಬಾಯೀ, ಥೋಡಾ ಪಾನಿ?" ಎಂದರು.

"ಮೊಹರು ಬೀಳಲಿ ಸಾಹೇಬ್ರೇ. ಆಮೇಲೆ ನೀರು."

ಬಾಯಾರಿದವರಿಗೆ ನೀರಿಲ್ಲವೆಂದೆ! ನಮ್ಮಮ್ಮ ಬದುಕಿದ್ದರೆ ನನ್ನನ್ನು ಮನೆಗೆ ಸೇರಿಸುತ್ತಿರಲಿಲ್ಲ. ಸಾವಂತ್ ಮಾತ್ರ ನಕ್ಕು ಅರಗು ಕಾಯಿಸಿದರು. ಮೊಹರು ಬಿತ್ತು, ಮ್ಯಾನೇಜರ್ ಸಹಿ ಬಿತ್ತು. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಮೊದಲ ಲೋಟ ಅವರಿಗೆ ಕೊಟ್ಟೆ, ಎರಡನೆಯದು ಚಂದ್ರವ್ವನಿಗೆ.

ಪರೀಕ್ಷೆಯ ವರದಿ ಬಂತು. ಆದೇಶವೂ ಬಂತು. ಕರೆಂಟಿನವರು ಬಂದು ಕಂಬದ ಫ್ಯೂಸು ಕಿತ್ತ ಗಳಿಗೆ ನೀನಿರಬೇಕಿತ್ತು! ಯಂತ್ರಗಳ ಸದ್ದು ನಿಂತಿತು. ಚಿಮಣಿ ಒಂದು ಸಲ ತೇಗಿ ಬಾಯಿ ಮುಚ್ಚಿತು. ಯಾರೋ ಶಿಳ್ಳೆ ಹೊಡೆದರು. ಯಾರೆಂದು ತಿರುಗಿದರೆ ನಿಮ್ಮಪ್ಪ! ಬ್ಯಾಂಕಿಗೆ ರಜೆ ಹಾಕಿ ಬಂದು ಹಿಂದೆ ನಿಂತಿದ್ದರು.

ಆದೇಶದಲ್ಲಿ ಕೂಲಿಯ ಮಾತಿರಲಿಲ್ಲ. ಮಾಲೀಕ ಅದನ್ನೇ ಹಿಡಿದು, "ಕರೆಂಟು ಇಲ್ಲ, ಕೂಲಿ ಇಲ್ಲ" ಎಂದ. ನಾನು ಮಾತು ಕೊಟ್ಟವಳು. ಮತ್ತೆ ಚಾಪೆ ಹಾಸಿದೆವು, ಈ ಸಲ ಚಂದ್ರವ್ವನವರಿಗಾಗಿ. ಕಾಗದ ತಡವಾದದ್ದು ಅದಕ್ಕೇ. ನಿನ್ನೆ ಒಪ್ಪಿದ. ಹೊಗೆ ಸೋಸುವ ಯಂತ್ರ ಕೂರಿಸುವವರೆಗೂ ಕೂಲಿ ಕೊಡುತ್ತಾನೆ, ಇನ್ನು ಟೈರು ಸುಡುವುದಿಲ್ಲ. ಸುಟ್ಟರೆ ನಾವಿದ್ದೇವೆ.

ಈ ವರ್ಷದ ಸಂಡಿಗೆ ಮಲ್ಲಿಗೆಯ ಹಾಗೆ ಬೆಳ್ಳಗಿದೆ. ನೀನಿದ್ದಾಗಲೇ ಕಿಟಕಿಗೆ ಹೊಡೆದಿದ್ದ ಹಲಗೆಯನ್ನು ನಿಮ್ಮಪ್ಪ ಕಿತ್ತು ಹಾಕಿದರು. ಮೇ ತಿಂಗಳಲ್ಲಿ ಬಂದು ಅವರೇ ನಿನ್ನನ್ನು ಕರೆತರುತ್ತಾರೆ. ರಜೆಗಲ್ಲ, ಇರುವುದಕ್ಕೆ. ಮಾಟುಂಗದ ಸ್ಕೂಲಿನಲ್ಲಿ ವಿಚಾರಿಸಿದ್ದೇನೆ. ದೊಡ್ಡಮ್ಮನಿಗೆ ನನ್ನ ನಮಸ್ಕಾರ ಹೇಳು. ಅವಳ ಋಣ ದೊಡ್ಡದು.

ತಲೆ ಎತ್ತಿ ನಡೆ, ಅನ್ಯಾಯ ಕಂಡರೆ ಗಂಟಲು ಬಿಚ್ಚು. ನನ್ನ ಆಶೀರ್ವಾದವೆಲ್ಲ ಅಷ್ಟೇ.

ನಿನ್ನ ಅಮ್ಮ,
ಸರಸ್ವತಿ

ಮತ್ತೆ: ಇದನ್ನು ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ಕಳೆದ ವಾರ ಆಫೀಸ್ ಕೆಲಸಕ್ಕೆ ಬಂದಿದ್ದ ನಿನ್ನ ಸತ್ಯಮೂರ್ತಿ ದೊಡ್ಡಪ್ಪ ಊಟಕ್ಕೆ ಕೂತು ನಗುನಗುತ್ತ ಹೇಳಿದರು. ಅವರು ಮೈಸೂರಿನಿಂದ ಹೊರಡುವಾಗ ನೀನು, "ನಾನು ಹೋದ್ರೆ ಮುಂಬಯಿ ಮನೇಲಿ ನಂಗೆ ಎಲ್ಲಿ ಮಲಗೋಕೆ ಹೇಳ್ತಾರೆ, ಕೇಳ್ಕೊಂಡು ಬನ್ನಿ" ಎಂದೆಯಂತೆ. ನಾನೂ ನಕ್ಕೆ. ಸಾರು ಬಡಿಸುತ್ತಿದ್ದ ಕೈ ಮಾತ್ರ ನಿಂತಿತು. ನೆಂಟರು ಕೇಳುವ ಪ್ರಶ್ನೆ ಮಗಳೇ ಅದು. ಕರೆಂಟು ಕಡಿಸುವ ಕಾನೂನು ಸಿಕ್ಕಿತು. ನೀನಿಲ್ಲದ ಏಳು ವರ್ಷ ವಾಪಸು ಕೊಡಿಸುವ ಕಾನೂನು ಆ ಪುಸ್ತಕದಲ್ಲಿ ಎಷ್ಟು ಹುಡುಕಿದರೂ ಇಲ್ಲ.

ಕಿಟಕಿಯ ಕೆಳಗೆ, ಶಾಮಲಾ. ನೀನು ಮಲಗುತ್ತಿದ್ದ ಜಾಗದಲ್ಲೇ. ನಮ್ಮದು ಒಂದೇ ಕೋಣೆ, ಆದರೂ ಅಲ್ಲಿ ಇನ್ನೂ ಯಾರೂ ಹಾಸಿಗೆ ಹಾಸಿಲ್ಲ. ನಾನೂ ನಿಮ್ಮಪ್ಪನೂ ಇವತ್ತಿಗೂ ಆ ಜಾಗವನ್ನು ತುಳಿಯದೆ, ಸುತ್ತಿಕೊಂಡು ಹೋಗುತ್ತೇವೆ.