ನ್ಯಾನ್‌ನ ಮೂರನೇ ಎಂಜಿನ್

೩ ಫೆಬ್ರವರಿ ೧೯೪೪, ಬೆಳಿಗ್ಗೆ

ಮತ್ತೆ ಕಾರ್ಡುಗಳು. ಪ್ರತಿ ಬಾಂಬರ್‌ಗೂ ಒಂದು. ಎಲ್ಲಿಗೆ ಹೋಯಿತು, ಏನು ಕೆಟ್ಟಿತು, ಯಾರು ಹಾರಿಸಿದರು — ತುಂಬುವವಳು ನಾನು. ಉಪಮೆ ಬೇಡ ಎಂದು ಆಫೀಸರ್ ನಿನ್ನೆಯೂ ಎಚ್ಚರಿಸಿದರು. ಸಾಹಿತ್ಯ ಓದಿದ ತಪ್ಪಿಗೆ.

ಲ್ಯಾಂಕಾಸ್ಟರ್ ‘ಎನ್’, ಎಲ್ಲರ ಬಾಯಲ್ಲೂ ನ್ಯಾನ್. ಪೈಲಟ್ ರಡ್ಕಿನ್‌ನ ಏಳು ಜನ ಇಪ್ಪತ್ತೊಂಬತ್ತು ಹಾರಾಟ ಮುಗಿಸಿದ್ದಾರೆ. ಇನ್ನೊಂದಾದರೆ ಮೂವತ್ತು, ಬಿಡುಗಡೆ. ಮೂವತ್ತು ಮುಟ್ಟಿದವರನ್ನು ಇಲ್ಲಿ ನಾನಿನ್ನೂ ಕಂಡಿಲ್ಲ.

೧೬ ಫೆಬ್ರವರಿ, ಮಧ್ಯಾಹ್ನ

ನಿನ್ನೆ ನ್ಯಾನ್ ಅರ್ಧದಾರಿಯಲ್ಲೇ ಮರಳಿತು. ಡಚ್ ಕರಾವಳಿ ದಾಟಿದ ಮೇಲೆ ಗುಂಡು ತಗುಲಿ ಮೂರನೇ ಎಂಜಿನ್ ನಿಂತಿತಂತೆ. ಕರಾವಳಿ ದಾಟಿದರೆ ಹಾರಾಟ ಲೆಕ್ಕಕ್ಕುಂಟು, ದಾಟದಿದ್ದರೆ ಇಲ್ಲ.

ಅದೇ ತಂಡದಲ್ಲಿ ದಾರಿ ಗುರುತು ಹಾಕುವ ಪ್ರಾಸರ್‌ನ ಹಾಳೆ ಬೇರೆ ಹೇಳುತ್ತಿತ್ತು. ಹೊರಟು ನಲವತ್ತು ನಿಮಿಷಕ್ಕೇ ಎಂಜಿನ್ ಬಿಸಿಯೇರಿ ನಿಂತಿದೆ. ಸಮುದ್ರದ ಮೇಲೆ. ಬಾಂಬುಗಳನ್ನೂ ಅಲ್ಲೇ ಸುರಿದಿದ್ದಾರೆ.

ಪ್ರಾಸರ್ ಹೊಸದಾಗಿ ಬರೆದ ಇನ್ನೊಂದು ಹಾಳೆ ಹಿಡಿದು ಒಲೆಯ ಹತ್ತಿರ ಬಂದ.

“ಇದನ್ನ ಇಟ್ಕೊ ಮೇವಿಸ್. ಅದನ್ನ... ಚಳಿ ಜಾಸ್ತಿ ಇದೆಯಲ್ಲ ಇವತ್ತು.”

ಮೊದಲ ಹಾಳೆಯನ್ನು ಒಲೆಗೆ ಹಾಕಿದೆ. ಕಾರ್ಡಿನಲ್ಲಿ ಗುಂಡೇಟು ಎಂದು ಬರೆದೆ.

ಗುಂಡಿನ ತೂತು ಎಲ್ಲಿ ಎಂದು ಮೆಕ್ಯಾನಿಕ್ ಹೆಬ್ಡನ್‌ನನ್ನು ಕೇಳಿದೆ. “ತೂತು ಬೇಕಾ ಕಾಲೇಜಮ್ಮ? ನನ್ನ ಹತ್ರ ಸುತ್ತಿಗೆ ಇದೆ. ಹುಡುಗ್ರು ಮನೆಗೆ ಹೋಗ್ಲಿ ಬಿಡು.”

೧೮ ಫೆಬ್ರವರಿ

ಮೂವತ್ತು ಲೆಕ್ಕವಾಯಿತು, ಏಳೂ ಜನ ಲಾರಿ ಹತ್ತಿ ರಜೆಗೆ ಹೋದರು. ಪ್ರಾಸರ್ ಟೋಪಿ ಬೀಸಿದ. ನಾನು ಕಿಟಕಿಯಿಂದಲೇ...

೨೪ ಫೆಬ್ರವರಿ, ಮಧ್ಯಾಹ್ನ ೩

ನ್ಯಾನ್‌ಗೆ ಹೊಸ ತಂಡ. ಪೈಲಟ್ ಟಾಲಿಗೆ ಹತ್ತೊಂಬತ್ತು. ಮೊದಲ ಹಾರಾಟ ಇವತ್ತೇ, ಆರಕ್ಕೆ. ಕೇಳಲೋ ಬೇಡವೋ ಎನ್ನುವಂತೆ ಬಾಗಿಲಲ್ಲಿ ನಿಂತು, “ಇದು ಅದೃಷ್ಟದ್ದಂತೆ, ಹೌದಾ ಮಿಸ್? ಮೂವತ್ತು ಮಾಡಿಸ್ತಂತೆ?” ಅಂದ. ತಲೆಯಾಡಿಸಿದೆ. ನಾಚಿಕೆಯಾಯಿತು.

ಅವನು ಹೋದ ಮೇಲೆ ನ್ಯಾನ್‌ನ ಹಳೆಯ ಕಾರ್ಡು ತೆಗೆದೆ. ನವೆಂಬರ್: ಮೂರನೇ ಎಂಜಿನ್ ಬಿಸಿಯೇರಿ ನಿಂತಿತು, ನಲವತ್ತು ನಿಮಿಷಕ್ಕೆ. ಡಿಸೆಂಬರ್: ಅದೇ. ಫೆಬ್ರವರಿ: ಗುಂಡೇಟು. ನನ್ನದೇ ಅಕ್ಷರ.

ನಿಜ ಬರೆದಿದ್ದರೆ ಮೂರನೇ ಸಲ ಎಂದು ಎಂಜಿನ್ನನ್ನೇ ಇಳಿಸಿ ಬದಲಿಸುತ್ತಿದ್ದರು. ಗುಂಡೇಟೆಂದು ಬರೆದದ್ದರಿಂದ ತೇಪೆ ಹಾಕಿ ಬಿಟ್ಟಿದ್ದಾರೆ. ಓಡಿದೆ, ಹೆಬ್ಡನ್‌ನ ಹತ್ತಿರ.

“ನಾನಿಲ್ಲಿಗೆ ಬಂದಿದ್ದೇ ಜನವರೀಲಿ ಕಣಮ್ಮ, ಹಿಂದಿನದು ಗೊತ್ತಿರಲಿಲ್ಲ. ಈಗ ನಿಲ್ಲಿಸೋಕೆ ಆಫೀಸರೇ ಹೇಳ್ಬೇಕು,” ಅಂದ. ಕೈ ಒರೆಸಿಕೊಳ್ಳುತ್ತಲೇ ಇದ್ದ.

೪.೨೦

ಹೇಳಿದರೆ ರಡ್ಕಿನ್‌ನ ಏಳು ಜನರನ್ನು ವಾಪಸ್ ಕರೆಸುತ್ತಾರೆ. ಒಂದೇ ಒಂದು ಹಾರಾಟಕ್ಕೆ. ಸಾಯಲು ಒಂದು ಸಾಕು ಎಂದು ಈ ಕಾರ್ಡುಗಳನ್ನು ತುಂಬುವವಳಿಗೆ ಗೊತ್ತು. ಹೇಳದಿದ್ದರೆ ಟಾಲಿ, ತುಂಬಿದ ಬಾಂಬುಗಳ ಜೊತೆ, ನಲವತ್ತನೇ ನಿಮಿಷ...

ಪ್ರಾಸರ್ ನನ್ನನ್ನು ಕ್ಷಮಿಸುವುದಿಲ್ಲ. ಕ್ಷಮಿಸುವುದೂ ಬೇಡ.

ಕಾರ್ಡು ಕೈಯಲ್ಲಿದೆ. ಆಫೀಸರ್ ಕೋಣೆಯಲ್ಲೇ ಇದ್ದಾರೆ, ಕೆಮ್ಮು ಕೇಳಿಸುತ್ತಿದೆ. ಹೋಗುತ್ತಿದ್ದೇನೆ. ಮೊದಲು ಹೇಳಬೇಕಾದ್ದು ನನ್ನ ಸುಳ್ಳು.