ಕರಿಯನ ಪಾಲಿನ ನೆರಳು

ಜೂನ್ 3, ಸಂಜೆ

ಇವತ್ತೂ ಬರಲಿಲ್ಲ. ಟ್ಯಾಂಕಿನ ಗಾಜಿನ ಮುಚ್ಚಳದ ಮೇಲೆ ಉಂಗುರದಿಂದ ತಟ್ಟಿದೆ, ಹುಳು ಹಿಡಿದು ನೀರಿಗೆ ಬೆರಳಿಳಿಸಿ ಕಾದೆ. ಕರಿಯ ಮಣ್ಣಿನ ಕೊಳವೆ ಬಿಟ್ಟು ಅಲ್ಲಾಡಲಿಲ್ಲ. ಬಾಲದ ಬಿಳಿ ಪಟ್ಟಿ ಮಾತ್ರ ಕಂಡಿತು. ಮಗ ಆಸೆಪಟ್ಟು ತಂದ ಮೀನು, ಆಗ ಬೆರಳುದ್ದ. ಸಾಕಿದವಳು ನಾನು. ಬೇರೆಯವರ ಕೈಯಲ್ಲಿ ಒಂದು ತುತ್ತು ತಿಂದವನಲ್ಲ.

ಸೊಸೆ ಬಂದಳು, ಹಿಂದೆಯೇ ಗಿಡಗಳು ಬಂದವು. ಟ್ಯಾಂಕಿನೊಳಗಿನ ಪ್ಲಾಸ್ಟಿಕ್ ಗಿಡ ಕಿತ್ತು ಜೀವಂತ ಗಿಡ ನೆಟ್ಟಳು. ಅವಕ್ಕೆ ಅಂತ ಹೊಸ ಲೈಟು. ನಡುಮನೆ ಚಿನ್ನದಂಗಡಿ ಆಗಿದೆ. ಬೆಳಕು ಕಂಡರೆ ಆಗದ ಮೀನು ಅದು ಎಂದು ಹೇಳಿದೆ.

"ಗಿಡಕ್ಕೂ ಬೆಳಕು ಬೇಕಲ್ಲ ಅತ್ತೆ. ಸ್ವಲ್ಪ ದಿನ ನೋಡೋಣ, ಅಡ್ಜಸ್ಟ್ ಮಾಡ್ಕೊಳುತ್ತೆ."

ಈ ಮನೆಯಲ್ಲಿ ಯಾರು ಅಡ್ಜಸ್ಟ್ ಮಾಡಿಕೊಳ್ಳಬೇಕು?

ಜೂನ್ 5

ಮೊದಲೆಲ್ಲ ಮಗ ಕೆಲಸದಿಂದ ಬಂದರೆ "ಅಮ್ಮಾ" ಅನ್ನುತ್ತ ಒಳಗೆ ಬರುತ್ತಿದ್ದ. ಈಗ ಶೂ ಬಿಚ್ಚುವ ಮೊದಲೇ "ಹೊಸ ಎಲೆ ಬಂತೇನೇ?" ಇಬ್ಬರ ತಲೆಗಳೂ ಗಾಜಿಗೆ ಅಂಟಿದವು. ಒಂದು ಎಲೆಗೆ ಇಷ್ಟು ಸಂಭ್ರಮ! ಇವನು ಹುಟ್ಟಿದಾಗಲೂ ಇವನಪ್ಪ ಇಷ್ಟು ಕುಣಿದಿರಲಿಲ್ಲ.

ಅವನಿಗಿಟ್ಟ ಕಾಫಿ ಆರಿತು. ಬಿಸಿ ಮಾಡಿಕೊಡಲಿಲ್ಲ.

ಜೂನ್ 10, ರಾತ್ರಿ

ಇಬ್ಬರೂ ಹೊರಟ ಮೇಲೆ ಲೈಟಿನ ಕೆಳಗೆ, ಮುಚ್ಚಳದ ಮೇಲೆ ಹಳೆ ಟವೆಲ್ ಹಾಸಿದೆ. ಅವರು ಬರುವ ಮೊದಲು ತೆಗೆದೆ. ಇನ್ನು ದಿನವೂ ಹೀಗೇ. ಸುಳ್ಳೇನೂ ಹೇಳಿಲ್ಲ. ಯಾರೂ ಕೇಳಲಿಲ್ಲ, ಅಷ್ಟೆ.

ಟವೆಲಿನ ಕೆಳಗೆ ಕತ್ತಲಾದಾಗ ಕರಿಯ ಕೊಳವೆಯಿಂದ ಅರ್ಧ ಹೊರಬಂದ. ಉಂಗುರ ತಟ್ಟಿದೆ. ಹಾಗೇ ಒಳಸೇರಿದ. ಆ ಲೈಟು ಅವನನ್ನು ಅಷ್ಟು ಕೆಡಿಸಿದೆ.

ಜೂನ್ 24

ಗಿಡಗಳು ಹಳದಿ. ಸೊಸೆಯ ಮುಖ ಸಪ್ಪೆ. ತೃಪ್ತಿಯಾಯಿತು ಎಂದು ಬರೆಯಬಾರದು. ಆಯಿತು.

ಸಂಜೆ ಗೊತ್ತಾಯಿತು — ಗಿಡ ಸೊರಗಿತೆಂದು ಅವಳು ಲೈಟನ್ನು ಇನ್ನೂ ಜೋರು ಮಾಡಿದ್ದಾಳೆ, ರಾತ್ರಿ ಊಟದವರೆಗೂ ಉರಿಯುವಂತೆ ಟೈಮರ್ ತಿರುಗಿಸಿದ್ದಾಳೆ. ನಾನು ಮಧ್ಯಾಹ್ನ ತಡೆದ ಬೆಳಕನ್ನೆಲ್ಲ ಅವಳು ಸಂಜೆ ಸುರಿಯುತ್ತಿದ್ದಾಳೆ. ಗಾಜಿನ ತುಂಬ ಪಾಚಿ.

ಜೂನ್ 26

ಟವೆಲ್ ಎಳೆದೆ. ಜೋರು ಬೆಳಕು ಒಮ್ಮೆಲೇ ಬಿತ್ತು. ಕರಿಯ ಬೆದರಿ ಗಾಜಿಗೆ ಅಪ್ಪಳಿಸಿದ. ಮೂತಿ ತರಚಿದೆ. ಏನೂ ತಿನ್ನುತ್ತಿಲ್ಲ.

ಸೊಸೆ ಗಾಯ ನೋಡಿದಳು. "ನನ್ನ ಲೈಟಿಂದಾನೇ ಅಲ್ವಾ ಅತ್ತೆ?" ಕಣ್ಣಲ್ಲಿ ನೀರು.

ನಾನು ಹೋಗಿ ಟವೆಲನ್ನು ಒಗೆಯಲು ಹಾಕಿದೆ.

ಜೂನ್ 27

ಸಾಕುಮೀನಿನ ಅಂಗಡಿಗೆ ನಾನೂ ಸೊಸೆಯೂ ಹೋದೆವು. ಅಂಗಡಿಯವನು ಎಲ್ಲ ಕೇಳಿಸಿಕೊಂಡ. ಎಲ್ಲ ಎಂದರೆ, ನಾನು ಹೇಳಿದಷ್ಟು.

"ಗಿಡಕ್ಕೆ ಹಗಲು ಬೇಕು, ಇವನಿಗೆ ಮುಸ್ಸಂಜೆ ಬೇಕು. ಲೈಟ್ ಕಮ್ಮಿ ಮಾಡಿ. ಕೊಳವೆ ಇರೋ ಕಡೆ ನೀರಿನ ಮೇಲೆ ತೇಲೋ ಗಿಡ ಬಿಡಿ, ಅಲ್ಲಿ ನೆರಳಾಗುತ್ತೆ. ಟೈಮ್ ಮಾತ್ರ ದಿನಾ ಒಂದೇ ಇರ್ಲಿ. ಲೈಟ್ ಮುಟ್ಟೋರು ಮನೇಲಿ ಒಬ್ರೇ ಇರ್ಬೇಕು."

"ಯಾರು?" ಇಬ್ಬರೂ ಒಟ್ಟಿಗೆ ಕೇಳಿದೆವು.

ನನ್ನ ಮುಖ ನೋಡಿದ, ಅವಳ ಮುಖ ನೋಡಿದ. "ಅದು ನನ್ನ ಅಂಗಡೀಲಿ ಸಿಗಲ್ಲಮ್ಮ."

ಜುಲೈ 15

ಲೈಟನ್ನು ಟೈಮರಿಗೆ ಬಿಟ್ಟಿದ್ದೇವೆ. ಯಾರೂ ಮುಟ್ಟುತ್ತಿಲ್ಲ. ಅರ್ಧ ಟ್ಯಾಂಕು ಬೆಳಕು, ಅರ್ಧ ನೆರಳು. ಗಿಡ ಚಿಗುರಿದೆ, ಮೂತಿಯ ಗಾಯ ಮಾಗಿದೆ, ಬಿದ್ದ ಹುಳು ಹೆಕ್ಕಿ ತಿನ್ನುತ್ತಾನೆ. ಇಷ್ಟಕ್ಕೇ ನಿಂತಿದ್ದರೆ ಸಂತೋಷ ಎಂದು ಬರೆದು ಮಲಗುತ್ತಿದ್ದೆ.

ಸ್ನಾನ ಮುಗಿಸಿ ಬಂದರೆ ಕರಿಯ ಸೊಸೆಯ ಬೆರಳಿನಿಂದ ತಿನ್ನುತ್ತಿದ್ದಾನೆ! "ಅತ್ತೆ, ನೋಡಿ ನೋಡಿ, ಬಂದುಬಿಟ್ಟ!"

ನಾನು ಉಣ್ಣಲಿಲ್ಲ. ಎಷ್ಟು ವರ್ಷ ತಿನ್ನಿಸಿದೆನೋ ಕೃತಘ್ನನಿಗೆ...

ಜುಲೈ 17

ಅಡುಗೆಮನೆ ಬಾಗಿಲಲ್ಲಿ ನಿಂತು ಗಮನಿಸಿದೆ. ಮುಚ್ಚಳ ಎತ್ತುವಾಗ ಅವಳ ಬಳೆ ಗಾಜಿಗೆ ತಗುಲಿತು — ಟಣ್, ಟಣ್. ಕರಿಯ ಹೊರಟೇ ಬಂದ.

ಆ ಬಳೆ ನನ್ನದು. ಕೈಗೆಣ್ಣು ಊದಿ ಏರದಂತಾದ ಮೇಲೆ ಮದುವೆಯಲ್ಲಿ ಅವಳಿಗೆ ತೊಡಿಸಿದ್ದು. ಅದಕ್ಕೆ ಮುಂಚೆ ಅದರಿಂದಲೇ ತಟ್ಟಿ ಕರೆಯುತ್ತಿದ್ದೆ. ಕಣ್ಣು ಮಂದ ಈ ಮೀನಿಗೆ. ಸದ್ದು ಗೊತ್ತು ಅವನಿಗೆ. ನಾನು ಇಷ್ಟು ದಿನ ಲೈಟಿಗೆ ಬೈದೆ.

ತಡೆಯಲಾಗಲಿಲ್ಲ. "ನಿನ್ನ ನೋಡಿ ಬರ್ತಿಲ್ಲ ಅವ್ನು. ನನ್ನ ಬಳೆ ಕೇಳಿ ಬರ್ತಿದಾನೆ" ಎಂದೆ.

ಅವಳು ಕೈಯಲ್ಲಿದ್ದ ಬಳೆಯನ್ನೇ ತಿರುಗಿಸಿ ನೋಡಿದಳು.

ಜುಲೈ 18, ಸಂಜೆ

ಸೊಸೆ ಬಳೆ ತೆಗೆದು ಟ್ಯಾಂಕಿನ ಪಕ್ಕ ಇಟ್ಟಳು. "ಹಾಗಾದ್ರೆ ನೀವೇ ತಟ್ಟಿ ಅತ್ತೆ." ಮಾತಲ್ಲಿ ಕೊಂಕಿರಲಿಲ್ಲ. ಹುಡುಕಿದೆ, ಸಿಗಲಿಲ್ಲ.

ಬಳೆ ಕೈಗೆ ಏರುವುದಿಲ್ಲ. ಒಂದು ಕೈಯಲ್ಲಿ ಬಳೆ, ಇನ್ನೊಂದರಲ್ಲಿ ಹುಳು. ಮುಚ್ಚಳ ಎತ್ತಲು ಮೂರನೇ ಕೈ ಎಲ್ಲಿಂದ ತರಲಿ? "ಏಯ್, ಬಾರೇ ಇಲ್ಲಿ" ಎಂದೆ. ಬಂದು ಮುಚ್ಚಳ ಎತ್ತಿ ಹಿಡಿದಳು. ಟವೆಲ್ ವಿಷಯ ನಾಲಿಗೆ ತುದಿಗೆ ಬಂತು. ನುಂಗಿದೆ.

"ಸ್ವಲ್ಪ ಆಚೆ ಸರಿ, ನಿನ್ನ ನೆರಳು ಬೀಳುತ್ತೆ."

"ನೆರಳೇ ಅಲ್ವಾ ಅತ್ತೆ ಅವ್ನಿಗೆ ಬೇಕಾಗಿರೋದು?" ನಕ್ಕಳು. ಆದರೂ ಸರಿದಳು.

ತಟ್ಟಿದೆ. ಟಣ್, ಟಣ್. ತೇಲುವ ಗಿಡದ ಕೆಳಗಿಂದ ಮೂತಿ ಬಂತು. ನೇರ ನನ್ನ ಬೆರಳ ಹತ್ತಿರ ಬಂದ. ಮೂಸಿದ. ನಿಂತ. ಆಮೇಲೆ ಮೆಲ್ಲಗೆ ತಿರುಗಿ, ಅವಳಿದ್ದ ಕಡೆಗೆ, ಅವಳ ನೆರಳಿನೊಳಕ್ಕೆ ಹೋದ.