ಮೂಲೆಯಲ್ಲಿ ನನ್ನ ಹೆಸರು

ಮಂಗಳವಾರ, ಹನ್ನೆರಡನೇ ತಾರೀಖು.

ಬೆರಳಿನ ಕೆಂಪು ಬಣ್ಣ ಇನ್ನೂ ಹೋಗಿಲ್ಲ, ಹೋಗುವುದೂ ಬೇಡ.

ಹೋದ ವರ್ಷ ನಾನು ಬರೆದ ಬೋರ್ಡಿನಲ್ಲಿ ಇಂಗ್ಲಿಷಿನ ‘ರೆಸ್ಟೋರೆಂಟ್’ ಸ್ಪೆಲಿಂಗ್ ತಪ್ಪಾಗಿ, ದಾರಿಹೋಕರೆಲ್ಲ ನಕ್ಕಿದ್ದರು. ಅಂದಿನಿಂದ ಬೋರ್ಡಿನ ಮೂಲೆಯಲ್ಲಿ ನನ್ನ ಹೆಸರು ಹಾಕುವುದನ್ನೇ ಬಿಟ್ಟಿದ್ದೆ. ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ದಿನಕ್ಕೊಂದು ಇಂಗ್ಲಿಷ್ ಪದ ತಿದ್ದುತ್ತಾ ಬಂದೆ.

ಇವತ್ತು ಪುಸ್ತಕದಂಗಡಿ ಯಜಮಾನರು ಬೋರ್ಡಿಗೆಂದು ಬರೆದುಕೊಟ್ಟ ಚೀಟಿಯಲ್ಲಿ ಇಂಗ್ಲಿಷಿನ ‘ಸ್ಟೇಷನರಿ’ ನೋಡಿ ಕುಂಚ ಕೆಳಗಿಟ್ಟೆ.

“ಇಲ್ಲಿ ಎ ಅಲ್ಲ ಸಾರ್, ಇ ಬರಬೇಕು.”

“ಬಣ್ಣ ಬಳಿಯೋನು ನನಗೇ ಪಾಠ ಹೇಳ್ತೀಯಾ?”

ಟೀಚರ್ ಆಗಿರುವ ಅವರ ಮಗಳು ಫೋನಿನಲ್ಲಿ ಹುಡುಕಿ, “ಅಪ್ಪಾ, ಅವರು ಹೇಳಿದ್ದೇ ಸರಿ,” ಎಂದಳು. ಯಜಮಾನರು ಇಂಗು ತಿಂದ ಮಂಗನಂತಾದರು.

ಬೋರ್ಡು ಮುಗಿಸಿ, ಮೂಲೆಯಲ್ಲಿ ಕೆಂಪಿನಲ್ಲೇ ನನ್ನ ಹೆಸರು ಬರೆದೆ. ಮೊದಲೆಲ್ಲ ಉಗುರಿನಷ್ಟು ಬರೆಯುತ್ತಿದ್ದೆ, ಇವತ್ತು ಅಂಗೈಯಗಲ.